ಅಳೆದು, ಎಣಿಸಿ, ತೂಗಿದ ಸೃಷ್ಟಿ



ಹಲಸಿನಹಣ್ಣನ್ನು ಮರದಿಂದ ಇಳಿಸುವ ಮೊದಲು ಹಿರಿಯರು ಅದನ್ನು ತಟ್ಟಿ ನೋಡುತ್ತಾರೆ. ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿ ಅದನ್ನು ಬೆರಳಿನಿಂದ ತಟ್ಟಿ ಕಿವಿಗೊಡುತ್ತಾಳೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾಳೆ. ಒಳಗಿರುವುದನ್ನು ತಿಳಿಯಲು ಯಾರೂ ಮೊದಲೇ ಒಡೆದು ನೋಡುವುದಿಲ್ಲ. ಹಣ್ಣು ಬಲಿತಿದೆಯೇ, ಮಡಕೆ ಸೀಳಿದೆಯೇ, ಕಾಯಿಯಲ್ಲಿ ನೀರಿದೆಯೇ ಎಂಬುದನ್ನು ಸದ್ದೇ ಹೇಳಿಬಿಡುತ್ತದೆ.

ಇಡೀ ವಿಶ್ವವನ್ನೇ ಹೀಗೆ ಸದ್ದಿನಿಂದ ಪರೀಕ್ಷಿಸಿ, ಅದರೊಳಗೆ ಏನೇನು ಎಷ್ಟೆಷ್ಟಿದೆ ಎಂದು ಲೆಕ್ಕ ಹಾಕಬಹುದೇ? ಹಾಕಬಹುದು, ಹಾಕಿಯೂ ಆಗಿದೆ. ಆ ಲೆಕ್ಕದ ಪ್ರಕಾರ ನಮ್ಮ ಕಣ್ಣಿಗೆ ಕಾಣುವ ಸೂರ್ಯ, ಚಂದ್ರ, ನಕ್ಷತ್ರ, ಬೆಟ್ಟ, ಸಮುದ್ರ, ನಮ್ಮ ದೇಹಗಳು, ಇವೆಲ್ಲಕ್ಕೂ ಆಧಾರವಾದ ಸಾಮಾನ್ಯ ದ್ರವ್ಯವು ವಿಶ್ವದ ಒಟ್ಟು ಮೊತ್ತದಲ್ಲಿ ನೂರಕ್ಕೆ ಐದು ಭಾಗ ಮಾತ್ರ. ಮಿಕ್ಕ ತೊಂಬತ್ತೈದು ಭಾಗ ಏನೆಂದು ಇಂದಿಗೂ ಮನುಷ್ಯನಿಗೆ ಗೊತ್ತಿಲ್ಲ.

ಕುಟುಂಬದ ಪುಟದಲ್ಲಿ ಈ ವಿಷಯವೇಕೆ ಎಂದು ನೀವು ಕೇಳಬಹುದು. ನಿಮ್ಮ ಮಕ್ಕಳು ಇದನ್ನು ಕಾಲೇಜಿನಲ್ಲಿ ಓದುತ್ತಿದ್ದಾರೆ, ಓದಿ ಮನೆಗೆ ತರುತ್ತಿದ್ದಾರೆ. ಆಗ ಕೆಲವು ಮನೆಗಳಲ್ಲಿ "ಅದೆಲ್ಲ ಬರೀ ಊಹೆ, ನೀನು ಸುಮ್ಮನೆ ಬೈಬಲ್ ಓದು" ಎಂಬ ಉತ್ತರ ಸಿಗುತ್ತದೆ. ಇನ್ನು ಕೆಲವೆಡೆ, "ನೋಡಿದೆಯಾ, ವಿಜ್ಞಾನವೇ ದೇವರನ್ನು ಸಾಬೀತು ಮಾಡಿತು! ಆ ಕಾಣದ ತೊಂಬತ್ತೈದು ಭಾಗವೇ ದೇವರು" ಎಂಬ ಉತ್ತರ ಬರುತ್ತದೆ. ಮೊದಲನೆಯದನ್ನು ಕೇಳಿದ ಮಗ ಇನ್ನು ಮುಂದೆ ಮನೆಯಲ್ಲಿ ಪ್ರಶ್ನೆ ಕೇಳುವುದಿಲ್ಲ. ಎರಡನೆಯದನ್ನು ನಂಬಿದ ಮಗಳ ವಿಶ್ವಾಸ, ಮುಂದೊಂದು ದಿನ ಆ ಲೆಕ್ಕ ಬದಲಾದಾಗ ಅದರೊಂದಿಗೇ ಕುಸಿಯುತ್ತದೆ. ಆದ್ದರಿಂದ ತಂದೆತಾಯಿಗಳಾದ ನೀವು ಈ ಲೆಕ್ಕ ಹೇಗೆ ಬಂತು, ಅದು ಎಷ್ಟು ಹೇಳುತ್ತದೆ, ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ತಿಳಿಯಬೇಕು.

ಪಾರಿವಾಳದ ಗೂಡೂ ಬಿಡದ ಸದ್ದೂ

1964ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್ ಎಂಬಲ್ಲಿ ಬೆಲ್ ಪ್ರಯೋಗಾಲಯದ ಆರ್ನೋ ಪೆನ್ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಕೊಂಬಿನಾಕಾರದ ದೊಡ್ಡ ಆಂಟೆನಾ ಒಂದನ್ನು ಆಕಾಶದತ್ತ ತಿರುಗಿಸಿ ಕೆಲಸ ಮಾಡುತ್ತಿದ್ದರು. ಅದರಲ್ಲಿ ಒಂದು ಸಣ್ಣ ಗೊರಗೊರ ಸದ್ದು ನಿಲ್ಲದೆ ಬರುತ್ತಿತ್ತು. ಯಾವ ದಿಕ್ಕಿಗೆ ತಿರುಗಿಸಿದರೂ ಅಷ್ಟೇ, ಹಗಲಾದರೂ ಇರುಳಾದರೂ ಅಷ್ಟೇ, ಋತು ಬದಲಾದರೂ ಅಷ್ಟೇ. ಆಂಟೆನಾದೊಳಗೆ ಪಾರಿವಾಳಗಳು ಗೂಡು ಕಟ್ಟಿದ್ದವು. ಅವನ್ನು ಹಿಡಿದು ಸಾಗಿಸಿ, ಹಿಕ್ಕೆಯನ್ನೆಲ್ಲ ತೊಳೆದು ಶುದ್ಧ ಮಾಡಿದರು. ಸದ್ದು ಹೋಗಲಿಲ್ಲ.

ಅಲ್ಲಿಂದ ಹೆಚ್ಚು ದೂರವಿಲ್ಲದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಡಿಕೆ ಎಂಬವರ ತಂಡ ಇಂಥದೇ ಒಂದು ಸದ್ದನ್ನು ಹುಡುಕಲು ಸಿದ್ಧತೆ ನಡೆಸುತ್ತಿತ್ತು. ವಿಶ್ವವು ಆದಿಯಲ್ಲಿ ಬಹಳ ಬಿಸಿಯಾಗಿದ್ದು, ಹಿಗ್ಗುತ್ತಾ ತಣ್ಣಗಾಗಿದ್ದರೆ, ಆ ಬಿಸಿಯ ಶೇಷ ಇಂದಿಗೂ ಎಲ್ಲೆಡೆ ಉಳಿದಿರಬೇಕೆಂದು 1948ರಲ್ಲೇ ರಾಲ್ಫ್ ಆಲ್ಫರ್ ಮತ್ತು ರಾಬರ್ಟ್ ಹರ್ಮನ್ ಲೆಕ್ಕ ಹಾಕಿದ್ದರು. ಒಲೆ ಆರಿಸಿದ ಮೇಲೂ ಅಡಿಗೆಮನೆಯ ಗೋಡೆಯಲ್ಲಿ ಬಿಸಿ ಉಳಿಯುವುದಿಲ್ಲವೇ, ಹಾಗೆ. ಹೋಮ್‌ಡೆಲ್‌ನ ಸದ್ದು ಆ ಉಳಿದ ಬಿಸಿಯೇ ಆಗಿತ್ತು. 1965ರಲ್ಲಿ ಇದು ಪ್ರಕಟವಾಯಿತು, 1978ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್‌ರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಈ ಬಿಸಿಗೆ ವಿಶ್ವದ ಹಿನ್ನೆಲೆ ವಿಕಿರಣ ಎಂದು ಹೆಸರು. ಬಿಸಿ ಎಂದರೂ ಈಗ ಅದು ಉಳಿದಿರುವುದು ಮಂಜುಗಡ್ಡೆಗಿಂತ ಸುಮಾರು 270 ಡಿಗ್ರಿ ಕೆಳಗೆ. ಹಿಂದಿನ ಟಿ.ವಿ. ಪೆಟ್ಟಿಗೆಗಳಲ್ಲಿ ಚಾನೆಲ್ ಸಿಗದಾಗ ಪರದೆಯ ಮೇಲೆ ಬಿಳಿಕಪ್ಪು ಚುಕ್ಕೆಗಳು ಕುಣಿಯುತ್ತಿದ್ದುದು ನಿಮಗೆ ನೆನಪಿರಬಹುದು. ಅದರಲ್ಲಿ ಒಂದು ಸಣ್ಣ ಪಾಲು ಈ ವಿಕಿರಣದ್ದೇ. ಸೃಷ್ಟಿಯ ಬಾಲ್ಯದ ಬೆಳಕು ನಮ್ಮ ನಡುಮನೆಗೆ ಬರುತ್ತಿತ್ತು. ನಾವು ಬೇಸರದಿಂದ ಅದನ್ನು ಆರಿಸುತ್ತಿದ್ದೆವು.

ಸದ್ದು ಬೆಳಕಿನಲ್ಲಿ ಅಚ್ಚಾದ ಬಗೆ

ಇನ್ನು ತಟ್ಟಿ ನೋಡುವ ವಿಷಯಕ್ಕೆ ಬರೋಣ. ವಿಶ್ವದ ಮೊದಲ 3 ಲಕ್ಷ 80 ಸಾವಿರ ವರ್ಷಗಳಲ್ಲಿ ಸಾಮಾನ್ಯ ದ್ರವ್ಯವೂ ಬೆಳಕೂ ಒಂದಕ್ಕೊಂದು ಅಂಟಿಕೊಂಡ ಕುದಿಯುವ ಗಂಜಿಯಂತೆ ಇದ್ದವು. ಗಂಜಿ ಎಲ್ಲ ಕಡೆಯೂ ಒಂದೇ ಸಮ ಇರಲಿಲ್ಲ. ಎಲ್ಲಿ ತುಸು ದಟ್ಟವೋ ಅಲ್ಲಿ ಗುರುತ್ವಾಕರ್ಷಣೆ ಅದನ್ನು ಒಳಕ್ಕೆ ಎಳೆಯಿತು. ಒಳಕ್ಕೆ ಬಂದಾಗ ಬೆಳಕಿನ ಒತ್ತಡ ಹೊರಕ್ಕೆ ತಳ್ಳಿತು. ಮತ್ತೆ ಎಳೆತ, ಮತ್ತೆ ತಳ್ಳು. ಈ ಒಳಹೊರಗಿನ ಅಲೆಯೇ ಶಬ್ದ. ಚರ್ಚಿನ ಗಂಟೆ ಬಾರಿಸಿದಾಗ ಗಾಳಿಯಲ್ಲಿ ಆಗುವುದೂ ಇದೇ.

ವಿಶ್ವವು ಸುಮಾರು 3000 ಡಿಗ್ರಿಗೆ ತಣಿದಾಗ ಪರಮಾಣುಗಳು ಕೂಡಿಕೊಂಡವು, ಬೆಳಕು ಬಿಡುಗಡೆಯಾಯಿತು. ಆ ಕ್ಷಣದಲ್ಲಿ ಅಲೆಗಳು ಯಾವ ಯಾವ ಸ್ಥಿತಿಯಲ್ಲಿದ್ದವೋ ಅದು ಹಾಗೆಯೇ ಬೆಳಕಿನಲ್ಲಿ ಅಚ್ಚಾಯಿತು. ನಾವು ಇಂದು ನೋಡುವುದು ಆ ಅಚ್ಚನ್ನೇ. 1989ರಲ್ಲಿ ಹಾರಿಸಿದ ಕೋಬೆ ಉಪಗ್ರಹವು ಅದರಲ್ಲಿ ಕೊಂಚ ಬಿಸಿ, ಕೊಂಚ ತಂಪಾದ ಮಚ್ಚೆಗಳಿರುವುದನ್ನು ಕಂಡಿತು. 1992ರಲ್ಲಿ ಅದು ಲೋಕಕ್ಕೆ ತಿಳಿಯಿತು. ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ ವ್ಯತ್ಯಾಸ. ಅಷ್ಟು ಸಣ್ಣ ಏರುಪೇರು ಇಲ್ಲದೇ ಹೋಗಿದ್ದರೆ ನಕ್ಷತ್ರಗಳೂ ಇಲ್ಲ, ಭೂಮಿಯೂ ಇಲ್ಲ, ನಾವೂ ಇಲ್ಲ. 2001ರಲ್ಲಿ ಹಾರಿದ ಡಬ್ಲ್ಯುಮ್ಯಾಪ್ ಹಾಗೂ 2009ರಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಹಾರಿಸಿದ ಪ್ಲಾಂಕ್ ಉಪಗ್ರಹಗಳು ಆ ಮಚ್ಚೆಗಳನ್ನು ಬಹು ಸೂಕ್ಷ್ಮವಾಗಿ ಅಳೆದವು.

ಆ ಮಚ್ಚೆಗಳಿಂದ ವಿಶ್ವದ ತೂಕ ಹೇಗೆ ತಿಳಿಯಿತು? ಮೂರು ಹಂತಗಳಲ್ಲಿ.

ಮೊದಲನೆಯದು, ಮಚ್ಚೆಯ ಗಾತ್ರ. ಆ ಅವಧಿಯಲ್ಲಿ ಒಂದು ಅಲೆ ಎಷ್ಟು ದೂರ ಹೋಗಬಲ್ಲದೆಂದು ಲೆಕ್ಕವಿದೆ. ಆಕಾಶದಲ್ಲಿ ಅದು ಸುಮಾರು ಒಂದು ಡಿಗ್ರಿ ಅಗಲ ಕಾಣುತ್ತದೆ, ಅಂದರೆ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕದಲ್ಲಿಟ್ಟಷ್ಟು. ವಿಶ್ವದಲ್ಲಿ ಒಟ್ಟು ಮೊತ್ತ ಹೆಚ್ಚಿದ್ದರೆ ಬೆಳಕಿನ ದಾರಿ ಬಾಗಿ ಮಚ್ಚೆ ದೊಡ್ಡದಾಗಿ ಕಾಣುತ್ತಿತ್ತು. ಕಡಿಮೆಯಿದ್ದರೆ ಚಿಕ್ಕದಾಗಿ ಕಾಣುತ್ತಿತ್ತು. ಇದರಿಂದ ಎಲ್ಲವೂ ಸೇರಿದ ಒಟ್ಟು ಮೊತ್ತ ತಿಳಿಯಿತು.

ಎರಡನೆಯದು, ಸಾಮಾನ್ಯ ದ್ರವ್ಯದ ಪಾಲು. ಸ್ಪ್ರಿಂಗಿಗೆ ಕಟ್ಟಿದ ತೊಟ್ಟಿಲನ್ನು ನೆನೆಯಿರಿ. ಮಗು ಭಾರವಾದಷ್ಟೂ ತೊಟ್ಟಿಲು ಕೆಳಕ್ಕೆ ಹೆಚ್ಚು ಇಳಿಯುತ್ತದೆ, ಮೇಲಕ್ಕೆ ಅಷ್ಟು ಏರುವುದಿಲ್ಲ. ಹಾಗೆಯೇ ಗಂಜಿಯಲ್ಲಿ ಸಾಮಾನ್ಯ ದ್ರವ್ಯ ಹೆಚ್ಚಿದ್ದಷ್ಟೂ ಒಳಕ್ಕೆ ಕುಗ್ಗುವ ಅಲೆ ಬಲವಾಗಿ, ಹೊರಕ್ಕೆ ಹಿಗ್ಗುವ ಅಲೆ ಸೊರಗುತ್ತದೆ. ಮೊದಲ ಅಲೆ ಹಾಗೂ ಎರಡನೆಯ ಅಲೆಯ ಎತ್ತರಗಳನ್ನು ಹೋಲಿಸಿದರೆ ಮಗುವಿನ ತೂಕ ಸಿಕ್ಕಂತೆ.

ಮೂರನೆಯದು, ಕಾಣದ ದ್ರವ್ಯದ ಪಾಲು. ಬೆಳಕಿಗೆ ಅಂಟದ, ಬೆಳಕಿನ ಒತ್ತಡಕ್ಕೆ ಬಗ್ಗದ, ಕೇವಲ ಗುರುತ್ವದಿಂದ ಎಳೆಯುವ ಒಂದು ದ್ರವ್ಯವಿದ್ದರೆ, ಅಲೆ ಹೋಗಿ ಬಂದರೂ ಆ ಎಳೆತ ಮಾತ್ರ ಅಲ್ಲೇ ಸ್ಥಿರವಾಗಿ ನಿಲ್ಲುತ್ತದೆ. ಆಗ ಮೂರನೆಯ ಅಲೆ ಕುಸಿಯದೆ ಎತ್ತರ ಉಳಿಸಿಕೊಳ್ಳುತ್ತದೆ. ಅಳೆದು ನೋಡಿದಾಗ ಮೂರನೆಯ ಅಲೆ ಎರಡನೆಯದಕ್ಕೆ ಹೆಚ್ಚುಕಡಿಮೆ ಸರಿಸಮನಾಗಿಯೇ ಇತ್ತು. ಕಾಣದ ಕೈಯೊಂದು ಎಳೆಯುತ್ತಲೇ ಇತ್ತು ಎಂಬುದು ಹೀಗೆ ಸಿದ್ಧವಾಯಿತು.

ನೂರರಲ್ಲಿ ಐದು

ಪ್ಲಾಂಕ್ ತಂಡ 2018ರಲ್ಲಿ ಕೊಟ್ಟ ಲೆಕ್ಕ ಹೀಗಿದೆ. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಒಟ್ಟು ನೂರು ಭಾಗದಲ್ಲಿ ಎಲ್ಲ ಬಗೆಯ ದ್ರವ್ಯ ಸೇರಿ 31.5 ಭಾಗ. ಅದರಲ್ಲಿ ಸಾಮಾನ್ಯ ದ್ರವ್ಯ ಸುಮಾರು 5 ಭಾಗ, ಕಪ್ಪು ದ್ರವ್ಯ ಎಂದು ಕರೆಯುವ ಕಾಣದ ದ್ರವ್ಯ 26ರಿಂದ 27 ಭಾಗ. ಉಳಿದ ಸುಮಾರು 68.5 ಭಾಗ ದ್ರವ್ಯವೇ ಅಲ್ಲ. ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುತ್ತಿರುವ ಅದಕ್ಕೆ ಕಪ್ಪು ಶಕ್ತಿ ಎಂದು ಹೆಸರಿಟ್ಟಿದ್ದಾರೆ.

ಇದು ಒಬ್ಬರೇ ಸಾಕ್ಷಿಯ ಮಾತಲ್ಲ. ಗೆಲಾಕ್ಸಿಗಳ ಗುಂಪೊಂದು ಚದುರಿ ಹೋಗದೆ ಹೇಗೆ ನಿಂತಿದೆ ಎಂದು 1933ರಲ್ಲೇ ಫ್ರಿಟ್ಜ್ ಜ್ವಿಕಿ ಕೇಳಿದ್ದರು. ಗೆಲಾಕ್ಸಿಯ ಅಂಚಿನ ನಕ್ಷತ್ರಗಳು ಅಷ್ಟು ವೇಗವಾಗಿ ಏಕೆ ಸುತ್ತುತ್ತಿವೆ ಎಂದು 1970ರ ದಶಕದಲ್ಲಿ ವೇರಾ ರೂಬಿನ್ ಎಂಬ ಮಹಿಳೆ ತೋರಿಸಿಕೊಟ್ಟರು. ನಾಲ್ಕು ಮಕ್ಕಳ ತಾಯಿಯಾದ ಈ ಯೆಹೂದ್ಯ ವಿಜ್ಞಾನಿಯನ್ನು ಎರಡನೇ ಜಾನ್ ಪೌಲ್ ಜಗದ್ಗುರುಗಳು 1996ರಲ್ಲಿ ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯ ಸದಸ್ಯರನ್ನಾಗಿ ಮಾಡಿದರು. ದೂರದ ಅನಿಲ ಮೋಡಗಳಲ್ಲಿರುವ ಡ್ಯುಟೀರಿಯಂ ಎಂಬ ಭಾರದ ಹೈಡ್ರೋಜನ್ನಿನ ಪ್ರಮಾಣ ನೋಡಿ ಲೆಕ್ಕ ಹಾಕಿದರೂ ಸಾಮಾನ್ಯ ದ್ರವ್ಯದ ಪಾಲು ಅಷ್ಟೇ ಬರುತ್ತದೆ. ಎರಡು ಮೂರು ಸಾಕ್ಷಿಗಳ ಬಾಯಿಂದ ಮಾತು ಸ್ಥಿರವಾಗಬೇಕೆಂಬ ಹಳೆಯ ಒಡಂಬಡಿಕೆಯ ನಿಯಮವನ್ನು ಇವರು ಬೇರೊಂದು ರೀತಿಯಲ್ಲಿ ಪಾಲಿಸಿದ್ದಾರೆ.

ಇಷ್ಟಾದರೂ ಕಪ್ಪು ದ್ರವ್ಯದ ಒಂದು ಕಣವನ್ನೂ ಯಾವ ಪ್ರಯೋಗಾಲಯವೂ ಇದುವರೆಗೆ ಹಿಡಿದಿಲ್ಲ. ವಿಶ್ವ ಹಿಗ್ಗುವ ವೇಗವನ್ನು ಈ ವಿಕಿರಣದಿಂದ ಲೆಕ್ಕ ಹಾಕಿದರೆ ಒಂದು ಸಂಖ್ಯೆ, ಹತ್ತಿರದ ಗೆಲಾಕ್ಸಿಗಳನ್ನು ನೋಡಿ ಅಳೆದರೆ ಮತ್ತೊಂದು ಸಂಖ್ಯೆ ಬರುತ್ತದೆ. ಮೊದಲನೆಯದು 67ರ ಆಸುಪಾಸು, ಎರಡನೆಯದು 73ರ ಆಸುಪಾಸು. ಈ ಜಗಳ ಇನ್ನೂ ಬಗೆಹರಿದಿಲ್ಲ. ವಿಜ್ಞಾನಿಗಳು ಅದನ್ನು ಮುಚ್ಚಿಡುವುದೂ ಇಲ್ಲ. 31.5 ಎಂದು ಬರೆದ ಪಕ್ಕದಲ್ಲೇ "ಹೆಚ್ಚುಕಡಿಮೆ 0.7" ಎಂದು ತಮ್ಮ ಅನುಮಾನದ ಅಳತೆಯನ್ನೂ ಬರೆಯುತ್ತಾರೆ. ತಾನು ಎಷ್ಟು ತಪ್ಪಿರಬಹುದು ಎಂದು ಹೇಳಿಕೊಂಡೇ ಮಾತಾಡುವ ಈ ಪ್ರಾಮಾಣಿಕತೆ ನಮ್ಮ ಕುಟುಂಬಗಳ ವಾಗ್ವಾದಗಳಲ್ಲಿ, ಧರ್ಮಕೇಂದ್ರದ ಸಭೆಗಳಲ್ಲಿ ಸ್ವಲ್ಪವಾದರೂ ಇದ್ದರೆ ಎಷ್ಟು ಮನಸ್ತಾಪ ತಪ್ಪುತ್ತಿತ್ತು!

ಒಬ್ಬ ಗುರು ಕಲಿಸಿದ ಪಾಠ

ವಿಶ್ವವು ಹಿಗ್ಗುತ್ತಿದೆ ಎಂದು 1927ರಲ್ಲಿ, ಅದೆಲ್ಲ ಒಂದು ಆದಿಮ ಪರಮಾಣುವಿನಿಂದ ಆರಂಭವಾಯಿತೆಂದು 1931ರಲ್ಲಿ ಬರೆದವರು ಒಬ್ಬ ಕಥೋಲಿಕ ಗುರು. ಅವರು ಬೆಲ್ಜಿಯಂ ದೇಶದ ಫಾದರ್ ಜಾರ್ಜ್ ಲೆಮೇತ್ರ್. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದ ಅವರು 1923ರಲ್ಲಿ ಗುರುದೀಕ್ಷೆ ಪಡೆದು, ಲೂವೇನ್ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದರು. ನಾವು ಇಂದು ಮಹಾಸ್ಫೋಟ ಎನ್ನುವ ಸಿದ್ಧಾಂತದ ಮೂಲಪುರುಷರಲ್ಲಿ ಅವರೂ ಒಬ್ಬರು.

1951ರ ನವೆಂಬರಿನಲ್ಲಿ ಹನ್ನೆರಡನೇ ಪಯಸ್ ಜಗದ್ಗುರುಗಳು ವಿಜ್ಞಾನ ಅಕಾಡೆಮಿಯನ್ನು ಉದ್ದೇಶಿಸಿ ಮಾತಾಡುವಾಗ, ಹೊಸ ವಿಜ್ಞಾನವು ದೇವರ ಸೃಷ್ಟಿಕಾರ್ಯಕ್ಕೆ ಸಾಕ್ಷಿ ನುಡಿಯುತ್ತಿದೆ ಎಂಬರ್ಥದಲ್ಲಿ ಸಂತೋಷ ವ್ಯಕ್ತಪಡಿಸಿದರು. ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಹಿಗ್ಗಬೇಕಾದವರು ಫಾದರ್ ಲೆಮೇತ್ರ್. ಆದರೆ ಅವರಿಗೆ ಕಳವಳವಾಯಿತು. ತಮ್ಮ ಸಿದ್ಧಾಂತ ವಿಜ್ಞಾನದ್ದು, ನಾಳೆ ಸರಿಯೂ ಆಗಬಹುದು, ತಪ್ಪೂ ಆಗಬಹುದು, ಅದನ್ನು ವಿಶ್ವಾಸಕ್ಕೆ ಊರುಗೋಲು ಮಾಡಬಾರದು ಎಂಬುದು ಅವರ ನಿಲುವಾಗಿತ್ತು. ಅದನ್ನು ಅವರು ವಿನಯದಿಂದ ಸಂಬಂಧಪಟ್ಟವರಿಗೆ ತಿಳಿಸಿದರು. ಮರುವರ್ಷ ರೋಮಿನಲ್ಲಿ ಖಗೋಳ ವಿಜ್ಞಾನಿಗಳ ಸಮ್ಮೇಳನವನ್ನುದ್ದೇಶಿಸಿ ಮಾತಾಡಿದಾಗ ಜಗದ್ಗುರುಗಳು ಆ ಮಾತನ್ನು ಮತ್ತೆ ಎತ್ತಲಿಲ್ಲ. 1960ರಲ್ಲಿ ಲೆಮೇತ್ರ್‌ರವರು ಅದೇ ಅಕಾಡೆಮಿಯ ಅಧ್ಯಕ್ಷರಾದರು. 1966ರ ಜೂನ್‌ನಲ್ಲಿ ತೀರಿಕೊಳ್ಳುವ ಸ್ವಲ್ಪ ಮೊದಲು, ಹೋಮ್‌ಡೆಲ್‌ನಲ್ಲಿ ಆ ಹಳೆಯ ಬೆಳಕು ಸಿಕ್ಕ ಸುದ್ದಿ ಅವರ ಕಿವಿಗೆ ಬಿತ್ತು.

ಪ್ರಿಯರೇ, ಸ್ವಂತ ಸಿದ್ಧಾಂತವನ್ನು ಸ್ವತಃ ಜಗದ್ಗುರುಗಳೇ ಹೊಗಳುತ್ತಿರುವಾಗ, "ಇದನ್ನು ದೇವರಿಗೆ ಪುರಾವೆಯಾಗಿ ಬಳಸಬೇಡಿ" ಎನ್ನಲು ಎಷ್ಟು ಗಟ್ಟಿಯಾದ ವಿಶ್ವಾಸ ಬೇಕು! ಅವರ ವಿಶ್ವಾಸ ಲೆಕ್ಕಗಳ ಮೇಲೆ ನಿಂತಿರಲಿಲ್ಲ. ಅದಕ್ಕೇ ಅವರು ಲೆಕ್ಕಗಳನ್ನು ಭಯವಿಲ್ಲದೆ ಮಾಡಬಲ್ಲವರಾಗಿದ್ದರು.

ಕಾಣದ್ದೆಲ್ಲ ದೇವರಲ್ಲ

ಭಾನುವಾರದ ಬಲಿಪೂಜೆಯಲ್ಲಿ ನಾವೆಲ್ಲ ಎದ್ದು ನಿಂತು, ದೇವರು ಕಾಣುವ ಹಾಗೂ ಕಾಣದ ಸಮಸ್ತವನ್ನೂ ಸೃಷ್ಟಿಸಿದವರು ಎಂದು ವಿಶ್ವಾಸ ಪ್ರಕಟಿಸುತ್ತೇವೆ. ಕಪ್ಪು ದ್ರವ್ಯ ಈ ಎರಡರಲ್ಲಿ ಯಾವುದಕ್ಕೆ ಸೇರಿದ್ದು? ಕಣ್ಣಿಗೆ ಕಾಣದಿದ್ದರೂ ಅದಕ್ಕೆ ತೂಕವಿದೆ, ಜಾಗವಿದೆ, ಅದು ಎಳೆಯುತ್ತದೆ, ಅಳತೆಗೆ ಸಿಗುತ್ತದೆ. ಆದ್ದರಿಂದ ಧರ್ಮಸಭೆಯ ಭಾಷೆಯಲ್ಲಿ ಅದು 'ಕಾಣುವ' ಲೋಕದ್ದೇ, ಮಣ್ಣು ಕಲ್ಲುಗಳ ಸಾಲಿನದ್ದೇ. 'ಕಾಣದ' ಎಂದು ನಾವು ಹೇಳುವಾಗ ದೇವದೂತರನ್ನೂ ಆತ್ಮಿಕ ಲೋಕವನ್ನೂ ನೆನೆಯುತ್ತೇವೆ. ಕಪ್ಪು ದ್ರವ್ಯವು ದೇವರೂ ಅಲ್ಲ, ಆತ್ಮವೂ ಅಲ್ಲ, ಸ್ವರ್ಗವೂ ಅಲ್ಲ. ಅದೂ ನಮ್ಮಂತೆಯೇ ಒಂದು ಸೃಷ್ಟಿ.

ದೇವರನ್ನು ವಿಜ್ಞಾನಕ್ಕೆ ತಿಳಿಯದ ಮೂಲೆಯಲ್ಲಿ ಬಚ್ಚಿಟ್ಟರೆ, ವಿಜ್ಞಾನ ಒಂದು ದೀಪ ಹಚ್ಚಿದಂತೆಲ್ಲ ಆ ದೇವರು ಒಂದು ಹೆಜ್ಜೆ ಹಿಂದೆ ಸರಿಯಬೇಕಾಗುತ್ತದೆ. ನಾಳೆ ಯಾರಾದರೂ ಕಪ್ಪು ದ್ರವ್ಯದ ಕಣವನ್ನು ಹಿಡಿದರೆ ಆ ದೇವರ ಗತಿಯೇನು? ಯೇಸುಸ್ವಾಮಿಯ ತಂದೆ ಅಂಥ ದೇವರಲ್ಲ. ಅವರು ತಿಳಿದ ಐದು ಭಾಗಕ್ಕೂ ಒಡೆಯರು, ತಿಳಿಯದ ತೊಂಬತ್ತೈದು ಭಾಗಕ್ಕೂ ಒಡೆಯರು.

ಹದಿಮೂರನೇ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸರು ಈ ಗಂಟನ್ನು ಬಿಡಿಸಿದ್ದರು. ಲೋಕಕ್ಕೆ ಒಂದು ಆರಂಭವಿತ್ತೆಂಬುದನ್ನು ನಾವು ವಿಶ್ವಾಸದಿಂದ ಅರಿಯುತ್ತೇವೆ, ತರ್ಕದಿಂದ ಸಾಧಿಸಲಾಗದು ಎಂದು ಅವರು ಕಲಿಸಿದರು. ದುರ್ಬಲ ವಾದಗಳನ್ನು ಹೂಡಿದರೆ ವಿಶ್ವಾಸವಿಲ್ಲದವರು ನಮ್ಮನ್ನು ನೋಡಿ ನಗುವಂತಾಗುತ್ತದೆ ಎಂದೂ ಎಚ್ಚರಿಸಿದರು. ಅವರ ಪ್ರಕಾರ ಸೃಷ್ಟಿ ಎಂದರೆ ಎಂದೋ ಒಮ್ಮೆ ನಡೆದು ಮುಗಿದ ಕೆಲಸವಷ್ಟೇ ಅಲ್ಲ, ಇರುವುದೆಲ್ಲವೂ ಪ್ರತಿ ಕ್ಷಣ ದೇವರನ್ನು ಆಶ್ರಯಿಸಿ ಇರುವ ಸಂಬಂಧ. ಹಾಡುವವನು ನಿಲ್ಲಿಸಿದರೆ ಹಾಡು ಉಳಿಯುವುದಿಲ್ಲ. 1380 ಕೋಟಿ ವರ್ಷಗಳ ಹಿಂದಿನ ಆ ಶಬ್ದವೂ, ಈಗ ನೀವು ಎಳೆದುಕೊಂಡ ಉಸಿರೂ ಒಂದೇ ರೀತಿ ಅವರ ಕೈಯಲ್ಲಿವೆ.

ಹಾಗಾದರೆ ಈ ಅಳತೆಯಿಂದ ವಿಶ್ವಾಸಿಗೆ ಲಾಭವೇ ಇಲ್ಲವೇ? ಬೇಕಾದಷ್ಟಿದೆ. ದೇವರು ಎಲ್ಲವನ್ನೂ ಅಳತೆ, ಎಣಿಕೆ, ತೂಕಗಳಿಂದ ಕ್ರಮಗೊಳಿಸಿದ್ದಾರೆ ಎಂಬ ಅರ್ಥದ ಮಾತು ಜ್ಞಾನಗ್ರಂಥದ 11ನೆಯ ಅಧ್ಯಾಯದಲ್ಲಿದೆ. ಅಳೆಯುವವನು ತಿಳಿದೋ ತಿಳಿಯದೆಯೋ ಆ ಕ್ರಮದ ಮೇಲೆ ಭರವಸೆ ಇಟ್ಟೇ ಅಳೆಯುತ್ತಾನೆ. ಭೂಮಿಗೆ ಅಳತೆಯ ನೂಲು ಹಿಡಿದವರು ಯಾರೆಂದು ದೇವರು ಯೋಬನನ್ನು ಕೇಳಿದಾಗ ಯೋಬ ಬಾಯಿಯ ಮೇಲೆ ಕೈ ಇಟ್ಟುಕೊಂಡ. ತೊಂಬತ್ತೈದು ಭಾಗದ ಮುಂದೆ ಇಂದಿನ ವಿಜ್ಞಾನಿಯೂ ಸ್ವಲ್ಪ ಹೊತ್ತು ಹಾಗೆಯೇ ಕೂರುತ್ತಾನೆ, ಬಳಿಕ ಎದ್ದು ಮತ್ತೆ ಅಳೆಯಲು ಹೋಗುತ್ತಾನೆ. ಮೌನವೂ ದುಡಿಮೆಯೂ ಎರಡೂ ಒಳ್ಳೆಯವೇ.

ಆ ಐದು ಭಾಗದಲ್ಲಿ ಮನೆಮಾಡಿದವರು

ಕೊನೆಯದಾಗಿ ಒಂದು ಮಾತನ್ನು ಧ್ಯಾನಿಸಿರಿ. ವಿಶ್ವದ ಮೊತ್ತದಲ್ಲಿ ನಮ್ಮ ಪಾಲು ನೂರಕ್ಕೆ ಐದು. ಅದರಲ್ಲೂ ಹೆಚ್ಚಿನದು ಚದುರಿದ ಅನಿಲ. ಭೂಮಿಯಾಗಿ, ಜೀವವಾಗಿ ಕೂಡಿಕೊಂಡದ್ದು ಎಣಿಕೆಗೂ ಸಿಗದಷ್ಟು ಅಲ್ಪ. ದಿವ್ಯವಾಣಿಯಾದ ದೇವಪುತ್ರರು ಕನ್ಯಾಮಾತೆ ಮರಿಯಮ್ಮನವರ ಗರ್ಭದಲ್ಲಿ ಮನುಷ್ಯರಾದಾಗ ತಮಗೆ ಶರೀರವಾಗಿ ಆರಿಸಿಕೊಂಡದ್ದು ಈ ಅಲ್ಪವನ್ನೇ. ನೀರಿನಲ್ಲಿರುವ ಹೈಡ್ರೋಜನ್ ವಿಶ್ವದ ಮೊದಲ ನಿಮಿಷಗಳಿಂದ ಬಂದದ್ದು. ನಿಮ್ಮ ಮಗುವಿನ ಹಣೆಯ ಮೇಲೆ ಸುರಿದ ಜ್ಞಾನಸ್ನಾನದ ನೀರು, ಪೂಜೆಯಲ್ಲಿ ಗುರು ದ್ರಾಕ್ಷಾರಸಕ್ಕೆ ಬೆರೆಸುವ ಒಂದು ಹನಿ ನೀರು, ಆ ಆದಿಯ ಗಂಜಿಯ ಅಂಶವೇ. ದೇವರು ತಮ್ಮ ಕೃಪೆಯನ್ನು ನಮಗೆ ಹಂಚಲು ಅದನ್ನೇ ಬಳಸುತ್ತಾರೆ. ಬಹುಪಾಲನ್ನು ಬಿಟ್ಟು ಅಲ್ಪವನ್ನು ಆರಿಸಿಕೊಳ್ಳುವುದು ಅವರ ಹಳೆಯ ರೂಢಿ. ಬೆತ್ಲೆಹೇಮನ್ನೂ ನಜರೇತನ್ನೂ ಆರಿಸಿಕೊಂಡವರಲ್ಲವೇ ಅವರು!

ಆದ್ದರಿಂದ ತಂದೆತಾಯಿಗಳೇ, ಈ ವಾರ ಒಂದು ಸಂಜೆ ಜಪಸರ ಮುಗಿದ ಮೇಲೆ ಮಕ್ಕಳನ್ನು ಅಂಗಳಕ್ಕೋ ತಾರಸಿಗೋ ಕರೆದುಕೊಂಡು ಹೋಗಿ ಆಕಾಶ ತೋರಿಸಿ. ಅವರು ಓದಿದ್ದನ್ನು ಅವರ ಬಾಯಿಂದಲೇ ಕೇಳಿ. ಪ್ರಶ್ನೆ ಕೇಳಿದರೆ ಗದರಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳಿ, ಅದರಿಂದ ನಿಮ್ಮ ಗೌರವ ಕುಂದುವುದಿಲ್ಲ. ದೇವರಿಗಾಗಿ ಸುಳ್ಳು ಪುರಾವೆ ಹೂಡಬೇಡಿ, ಸತ್ಯವೇ ಆಗಿರುವವರಿಗೆ ಸುಳ್ಳಿನ ಆಸರೆ ಬೇಕಿಲ್ಲ. ನಿಮ್ಮ ಮಗಳು ಖಗೋಳ ವಿಜ್ಞಾನ ಓದುತ್ತೇನೆ ಎಂದರೆ ಆಶೀರ್ವದಿಸಿ ಕಳುಹಿಸಿ. ಆ ದಾರಿಯಲ್ಲಿ ಅವಳಿಗಿಂತ ಮೊದಲು ಒಬ್ಬ ಗುರು ನಡೆದಿದ್ದಾರೆ.

ಕಾಣುವುದನ್ನೂ ಕಾಣದ್ದನ್ನೂ ಉಂಟುಮಾಡಿದ ತಂದೆಯಾದ ದೇವರು ನಮ್ಮ ಮನೆಗಳಿಗೆ ಸತ್ಯದ ಪ್ರೀತಿಯನ್ನೂ, ತಿಳಿಯದ್ದರ ಮುಂದೆ ತಲೆಬಾಗುವ ವಿನಯವನ್ನೂ ದಯಪಾಲಿಸಲಿ. ಆಮೆನ್.